ಹಯಾತ್ ಸಾಬರ ಕೈ

ತಪ್ಪು ನನ್ನದೇ ಎಂದು ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ನಿಜಲಿಂಗಪ್ಪ ಬಡಾವಣೆಯ ನಮ್ಮ ಆಫೀಸಿನಲ್ಲಿ. ಆಫೀಸು ಎಂದರೆ ಎರಡು ಕೋಣೆ, ಮೂರು ಕಂಪ್ಯೂಟರು. ಹರಿಹರದ ವರ್ಕ್‌ಶಾಪುಗಳಲ್ಲಿ ಕಬ್ಬಿಣ ಕಡೆಯುವ ಹಳೆಯ ಲೇತ್‌ಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ನಮ್ಮ ಕಸುಬು. ಆಪರೇಟಿಂಗ್ ಸಿಸ್ಟಮ್ಮಿಗೂ ಯಂತ್ರಕ್ಕೂ ನಡುವೆ ಮಾತು ಸಾಗಿಸುವ ಡ್ರೈವರ್ ಬರೆಯುವವಳು ನಾನು, ನಯನಾ.

ಕೋಡನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಅನುಮಾನ ಬಂದ ಕಡೆ ಎಚ್ಚರಿಸುವುದೂ ಅದರ ಕೆಲಸ. ಅಂದು ಹೊಸ ಕಂಪೈಲರ್ ಒಂದು ಸಾಲಿನ ಮುಂದೆ ನಿಂತುಬಿಟ್ಟಿತು. ಮೂವತ್ತೆರಡು ಬಿಟ್‌ಗಳ ಸಂಖ್ಯೆಯನ್ನು ಹದಿನಾರು ಬಿಟ್‌ಗಳ ಜಾಗಕ್ಕೆ ಹಾಕುತ್ತಿದ್ದೀರಿ, ಬೆಲೆ ಕಳೆದುಹೋಗಬಹುದು ಎಂದಿತು. ಕೊಳಗದ ಭತ್ತವನ್ನು ಸೇರಿಗೆ ಸುರಿದ ಹಾಗೆ. ಎರಡು ವರ್ಷದ ಹಿಂದೆ ಹಳೆಯ ಕಂಪೈಲರೂ ಇದನ್ನೇ ಹೇಳಿತ್ತು. ಇಂಥವು ಇನ್ನೂರಿದ್ದವು, ನನಗೆ ಅವಸರ. ಎಚ್ಚರಿಕೆ ತೋರಿಸಬೇಡ ಎಂದು ಒಂದು ಸಾಲು ಸೇರಿಸಿ ಎಲ್ಲದರ ಬಾಯಿ ಮುಚ್ಚಿಸಿದ್ದೆ. ಹೊಸ ಕಂಪೈಲರ್ ಆ ಸಾಲಿಗೆ ಬಗ್ಗಲಿಲ್ಲ.

ಆ ಜಾಗದಲ್ಲಿ ಎಣಿಕೆಯಾಗುವುದು ಲೇತಿನ ಉಳಿ ಎಷ್ಟು ದೂರ ಸರಿದಿದೆ ಎಂಬುದು. ಅರವತ್ತೈದು ಸೆಂಟಿಮೀಟರ್ ದಾಟಿತೋ, ಜಾಗ ಸಾಲದೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಯಂತ್ರ ತಾನಿನ್ನೂ ಹೊರಟೇ ಇಲ್ಲ ಎಂದುಕೊಂಡು ಎಲ್ಲೆಂದರಲ್ಲಿ ಕೊರೆಯುತ್ತದೆ. ಕಡೆಯಲು ಅಷ್ಟುದ್ದದ ಉಕ್ಕಿನ ದಂಡ, ಶಾಫ್ಟ್, ಬರುವುದೇ ಅಪರೂಪ. ಬಂದರೆ ಮಲ್ಲೇಶಪ್ಪನವರ ವರ್ಕ್‌ಶಾಪಿನಲ್ಲಿ ಅದನ್ನು ಮುಟ್ಟುತ್ತಿದ್ದವರು ಹಯಾತ್ ಸಾಬ್ ಒಬ್ಬರೇ. ಮೂವತ್ತೊಂದು ವರ್ಷದ ಪಳಗಿದ ಕೈ ಎಂದೇ ಅವರಿಗೆ ಕೊಡುತ್ತಿದ್ದರು.

ಹೋದ ವರ್ಷ ಮೂರು ಶಾಫ್ಟ್ ಕೆಟ್ಟವು.

"ನನ್ ಕೈ ತಪ್ಪಲ್ಲಮ್ಮ. ಮಷೀನು ಎಲ್ಲೋ ಎಣಿಕೆ ಮರೀತೈತೆ, ನೋಡ್ರಿ," ಎಂದಿದ್ದರು ಸಾಬರು.

ಯಂತ್ರದ ದಾಖಲೆ ತೆಗೆದು ನೋಡಿದೆ. ಕೆಟ್ಟ ಮೂರೂ ಸಲ ಎಣಿಕೆ ಸೊನ್ನೆ ಎಂದಿತ್ತು. ಶುರುವಿನಲ್ಲಿ ಸೊನ್ನೆ ಎಲ್ಲಿ ಎಂದು ಕೈಯಾರೆ ಹೊಂದಿಸುವವರು ಸಾಬರೇ ಆದ್ದರಿಂದ, 'ಆಪರೇಟರ್ ತಪ್ಪು' ಎಂದು ವರದಿ ಬರೆದೆ. ನನ್ನ ಕೋಡನ್ನು ತೆರೆದೂ ನೋಡಲಿಲ್ಲ, ಅಷ್ಟು ಜಂಬ. ಮಲ್ಲೇಶಪ್ಪ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ನಕ್ಕರು. ನಾನೂ ನಕ್ಕೆ. ಸಾಬರು ತಮ್ಮ ಅಂಗೈ ನೋಡಿಕೊಂಡರು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಈಗ ಮಲ್ಲೇಶಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮುಗಿದ್ ಕತಿ, ಬಿಡ್ರಿ. ಯಾಕ ಕೆದಕ್ತೀರಿ ಈಗ?" ಎಂದರು.

ಬಿಡಲಾಗಲಿಲ್ಲ. ಹರಿಹರದ ಬಸ್ಸು ಹತ್ತಿದೆ. ಕುಣಿಯಲಾರದವಳು ನಾನೇ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಸಾಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ, ಕೂಡ್ರಿ," ಎಂದರು. ಮಗಳು ಚಹಾ ತಂದಳು. ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದರು. ಒಂದು ಪುಟ್ಟ ಹೆಣ್ಣುಕೂಸು ಗೋಡೆ ಹಿಡಿದು ಹೆಜ್ಜೆ ಹಾಕುತ್ತಿತ್ತು.

"ಮೊಮ್ಮಗಳು. ನಾ ಕೆಲ್ಸ ಬಿಟ್ಟ ವಾರಾನೇ ಹುಟ್ಟಿದ್ದು," ಎಂದರು.

ನಾನು ಎಲ್ಲ ಹೇಳಿದೆ, ಎಚ್ಚರಿಕೆಗಳ ಬಾಯಿ ಮುಚ್ಚಿಸಿದ್ದನ್ನೂ ಸೇರಿಸಿ. ಅವರು ಕೊನೆಯವರೆಗೂ ಕೇಳಿದರು.

"ಅಂದ್ರೆ ಕಂಪ್ಯೂಟರು ನಿಮಗೆ ಮೊದ್ಲೇ ಹೇಳಿತ್ತು?"

"ಹೇಳಿತ್ತು."

"ನಾನೂ ಹೇಳಿದ್ದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೊತ್ತಿಕೊಂಡಳು. "ನಮ್ ಅಬ್ಬಾ ಇವಳನ್ನ ಒಂದ್ಸಲಾನೂ ಎತ್ಕಂಡಿಲ್ರಿ. ನನ್ ಕೈ ಹೋಗೈತೆ, ಕೂಸು ಜಾರಿ ಬಿದ್ದೀತು, ಬ್ಯಾಡ ಬ್ಯಾಡ ಅಂತ ದೂರಾನೇ ಕುಂತ್ರು. ಹುಟ್ಟಿದ್ ದಿನ ಆಸ್ಪತ್ರೇಲೂ ಮುಟ್ಲಿಲ್ಲ."

ನಾನು ಬರೆದದ್ದು ಎರಡೇ ಪದ. ಅವನ್ನು ಇವರು ಇಷ್ಟು ನಂಬಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಸಾಬರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಬಲಗೈ ಒಂದರಲ್ಲೇ ಮತ್ತೆ ಎತ್ತಿದರು. ತುಂಬಿದ ಲೋಟ, ಒಂದು ಹನಿಯೂ ಚೆಲ್ಲಲಿಲ್ಲ. ಮೆಲ್ಲಗೆ ಕೆಳಗಿಟ್ಟು, ಕೂಸಿನ ಕಡೆ ಎರಡೂ ಕೈ ಚಾಚಿದರು.

"ಬಾ ಬೇಟಿ, ಬಾ."

ಕೂಸು ಆ ಕೈಗಳನ್ನು ನೋಡಿತು. ಪರಿಚಯವಿಲ್ಲದವರನ್ನು ಕಂಡಂತೆ ಗೋಡೆ ಹಿಡಿದೇ ಸರಿದು ತಾಯಿಯ ಹಿಂದೆ ಅಡಗಿಕೊಂಡಿತು.

"ಇಷ್ಟ್ ದಿನ ನಾನೇ ಬ್ಯಾಡ ಅಂದೆ," ಎಂದರು ಸಾಬರು. ಚಾಚಿದ ಕೈಗಳನ್ನು ಅವರು ಹಿಂದಕ್ಕೆ ತೆಗೆಯಲಿಲ್ಲ. ಅವು ಒಂದಿಷ್ಟೂ ನಡುಗುತ್ತಿರಲಿಲ್ಲ.