ಗಂಟೆ ಎಲ್ಲಿಂದ ಎಣಿಸೋದು

ನಮ್ಮ ಹೆರಿಗೆ ವಾರ್ಡಿಗೆ ಒಂದು ಕೆಟ್ಟ ಚಾಳಿಯಿದೆ. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಬದಲಾಗುತ್ತದೆ. ಅಷ್ಟರೊಳಗೆ ಬಿಳಿ ಬೋರ್ಡಿನ ಮೇಲಿರುವ ಮಂಚದ ನಂಬರುಗಳಿಗೆಲ್ಲ ಒಂದು ಗತಿ ಕಾಣಿಸಬೇಕು. ಹೆತ್ತವರು ಸರಿ. ಹೆರದವರ ಮುಂದೆ ‘ಫೇಲ್’ ಎಂದು ಬರೆದು ಆಪರೇಷನ್‌ಗೆ ಕಳಿಸುವುದು. ಮುಂದಿನವರಿಗೆ ಕೆಲಸ ಬಾಕಿ ಬಿಟ್ಟರೆ ಅವಮಾನವಂತೆ. ಇಪ್ಪತ್ತೆರಡು ವರ್ಷದಿಂದ ನಾನಿಲ್ಲಿ ಸಿಸ್ಟರ್. ಆ ಬೋರ್ಡಿನ ಅಕ್ಷರ ಬಹುಪಾಲು ನನ್ನದೇ.

ಅವತ್ತು ಮೂರನೇ ಮಂಚದಲ್ಲಿದ್ದವಳು ಸಿಟಿ ಬಸ್ಸಿನ ಡ್ರೈವರ್. ಚೊಚ್ಚಲು. ದಿನ ತುಂಬಿ ಮೇಲೆ ಹತ್ತು ದಿನವಾದರೂ ನೋವಿನ ಸುಳಿವಿರಲಿಲ್ಲ. ನೋವು ಬರಿಸಲೆಂದು ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಜೆಲ್ ಇಟ್ಟಿದ್ದೆವು, ಸಂಜೆ ಇನ್ನೊಮ್ಮೆ. ಗರ್ಭದ ಬಾಯಿ ಗಟ್ಟಿಯಾಗಿತ್ತು. ಚೊಚ್ಚಲಲ್ಲಿ ಅದು ಮೆತ್ತಗಾಗಲಿಕ್ಕೇ ಒಂದು ದಿನ ಹಿಡಿಯುವುದುಂಟು. ಈ ದಿನ ಬೆಳಿಗ್ಗೆ ಎಂಟಕ್ಕೆ ನೀರಿನ ಚೀಲ ಒಡೆದು ನೋವಿನ ಡ್ರಿಪ್ ಹಾಕಿದೆವು.

ಒಂದು ಗಂಟೆಗೆ ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

“ಬಾಯಿ ತೆರೆದಿರೋದು ಮೂರೇ ಸೆಂಟಿಮೀಟರ್. ಇಪ್ಪತ್ತಾರು ಗಂಟೆ ಆಯ್ತು. ಫೇಲ್. ಥಿಯೇಟರಿಗೆ ಹೇಳಿ, ಸಿಸ್ಟರ್.”

“ಯಾವಾಗಿಂದ ಇಪ್ಪತ್ತಾರು?” ಡ್ರೈವರ್ ಹಲ್ಲು ಕಚ್ಚಿಕೊಂಡೇ ಕೇಳಿದಳು.

“ನಿನ್ನೆ ಜೆಲ್ ಇಟ್ಟಾಗಿಂದ.”

“ನಿನ್ನೆ ನೋವೇ ಇರ್ಲಿಲ್ಲ ಮೇಡಂ. ಗಾಡಿ ಡಿಪೋದಲ್ಲಿ ನಿಂತಿದ್ದ ಹೊತ್ತನ್ನೂ ಓಡಿಸಿದ ಹೊತ್ತು ಅಂತ ಬರೆದ್ರೆ ನಮ್ಮಲ್ಲಿ ಮನೆಗೆ ಕಳಿಸ್ತಾರೆ.”

ನಾನು ಬೋರ್ಡಿನತ್ತ ತಿರುಗಿದೆ. ‘ಶುರು: 11’. ನನ್ನದೇ ಅಕ್ಷರ. ತಾಯಿ ಮಗು ಚೆನ್ನಾಗಿರುವ ತನಕ, ನೀರೊಡೆದು ಡ್ರಿಪ್ ಹಾಕಿದ ಮೇಲೆ ಕನಿಷ್ಠ ಹನ್ನೆರಡು ಗಂಟೆ ಕಾಯದೆ ಫೇಲ್ ಎನ್ನಬಾರದು. ಆ ನಿಯಮದ ಹಾಳೆ ನಮ್ಮ ಗೋಡೆಯ ಮೇಲೇ ಇದೆ, ಅದರ ಮುಂದೆ ಬೀರು ಇಟ್ಟಿದ್ದೇವೆ. ಹೀಗೆ ತಪ್ಪಾಗಿ ಎಣಿಸಿ ನನ್ನ ಕೈಯಾರೆ ಎಷ್ಟು ಹೆಂಗಸರನ್ನು ಥಿಯೇಟರಿಗೆ ತಳ್ಳಿದ್ದೇನೋ. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಮೇಡಂ, ಡ್ರಿಪ್ ಹಾಕಿ ಐದೇ ಗಂಟೆ. ಮಗು ಎದೆಬಡಿತ ಚೆನ್ನಾಗಿದೆ, ತಾಯಿಗೆ ಜ್ವರ ಇಲ್ಲ. ನಾನು ಫೇಲ್ ಅಂತ ಬರೆಯಲ್ಲ.”

“ನೀವೇನು ಡಾಕ್ಟರಾ?”

“ಅಲ್ಲ. ಎಣಿಸೋಕೆ ಬರುತ್ತೆ.”

ಹನ್ನೊಂದನ್ನು ಅಂಗೈಯಿಂದಲೇ ಒರೆಸಿ ಎಂಟು ಎಂದು ಬರೆದೆ. ಡಾಕ್ಟರಮ್ಮನ ಮುಖ ಕೆಂಪಾಯಿತು. ಆದರೆ ದಡ್ಡಿಯಲ್ಲ ಅವರು; ಬಡಿತದ ಪಟ್ಟಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

“ರಾತ್ರಿ ಎಂಟರ ತನಕ. ಬಡಿತ ಏರುಪೇರಾದ್ರೆ ಒಂದು ನಿಮಿಷವೂ ಕಾಯಲ್ಲ.”

“ನಾನೂ ಕಾಯಲ್ಲ.”

ಎರಡಾದರೂ ಅವರು ಮನೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಡ್ರೈವರಿನ ಅತ್ತೆ ನನ್ನ ಸೆರಗನ್ನೇ ಹಿಡಿದರು. “ನನ್ನ ಸೊಸೆ ಮೊದಲೇ ಹಠಮಾರಿ. ನೀವೂ ಅವಳ ತಾಳಕ್ಕೆ ಕುಣೀತಿದ್ದೀರಲ್ಲ ತಾಯಿ.” ಅವರಿಗೆ ಹೆದರಿಕೆ. ಎಲ್ಲ ಸರಿಹೋಗುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ; ಸೆರಗು ಬಿಡಿಸಿಕೊಂಡು ಒಳಗೆ ಬಂದೆ.

ಡ್ರೈವರ್ ಡ್ರಿಪ್ಪಿನ ಕಂಬ ತಳ್ಳಿಕೊಂಡು ಗೋಡೆಯಿಂದ ಗೋಡೆಗೆ ನಡೆದಳು. ನೋವು ಬಂದಾಗ ಮಂಚದ ಸರಳು ಹಿಡಿದು ನಿಲ್ಲುವಳು, ಬಿಟ್ಟಾಗ ತಮಾಷೆ. “ಅವಸರವೇ ಅಪಘಾತಕ್ಕೆ ಕಾರಣ ಅಂತ ನನ್ನ ಬಸ್ಸಿನ ಬೆನ್ನ ಮೇಲೇ ಬರೆದಿದೆ ಸಿಸ್ಟರ್. ಡಾಕ್ಟರಮ್ಮ ಬಸ್ಸಲ್ಲಿ ಓಡಾಡಲ್ಲ ಅನ್ಸುತ್ತೆ.” ನಾಲ್ಕಕ್ಕೆ ಐದು ಸೆಂಟಿಮೀಟರ್. ಐದೂವರೆಗೆ ಏಳು. ಬೋರ್ಡಿನ ಮೇಲೆ ಏಳನ್ನು ದಪ್ಪಗೆ ಬರೆದೆ. ಜಂಬ ಪಟ್ಟೆ, ಸುಳ್ಳೇಕೆ.

ಆರಕ್ಕೆ ಮಗುವಿನ ಬಡಿತ ಇಳಿಯಿತು. ಡ್ರಿಪ್ ನಿಲ್ಲಿಸಿದೆ, ಅವಳನ್ನು ಎಡಮಗ್ಗುಲಿಗೆ ಹೊರಳಿಸಿದೆ. ಏರಲಿಲ್ಲ. ಡಾಕ್ಟರಮ್ಮ ಓಡಿಬಂದು ಬಾಯಿ ತೆರೆಯುವ ಮೊದಲೇ ಡ್ರೈವರ್ ಕೈ ಚಾಚಿದಳು. “ಸಹಿ ಎಲ್ಲಿ ಹಾಕ್ಬೇಕು? ಬೇಗ ನಡೀರಿ.”

ಹದಿನೈದು ನಿಮಿಷದಲ್ಲಿ ಹೆಣ್ಣು ಮಗು. ಥಿಯೇಟರ್ ಹಾರಿಹೋಗುವ ಹಾಗೆ ಅತ್ತಿತು. ನಾನು ಹೊರಗೆ ಬಂದು ಕೈ ತೊಳೆಯುವ ನೆಪದಲ್ಲಿ ಅತ್ತುಬಿಟ್ಟೆ.

ಡ್ರೈವರನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಅವಳ ಅತ್ತೆ ಮೊಮ್ಮಗಳನ್ನು ಕಣ್ತುಂಬ ನೋಡಿದರು. ಆಮೇಲೆ ಬಾಯಿ ಸುಮ್ಮನಿರಲಿಲ್ಲ.

“ಕೊನೆಗೂ ಕೊಯ್ದೇ ಬಿಟ್ರಲ್ಲ. ಮಧ್ಯಾಹ್ನವೇ ಹೂಂ ಅಂದಿದ್ರೆ ಐದು ಗಂಟೆ ನೋವು ತಪ್ತಿತ್ತು. ಏನು ಸಾಧಿಸ್ದೆ?”

ಆ ಪ್ರಶ್ನೆ ನನಗೂ ಸೇರಿಸಿ ಕೇಳಿದ್ದು. ಡ್ರೈವರ್ ಮಗುವನ್ನು ಎದೆಗೆ ಒತ್ತಿಕೊಂಡಳು.

“ಮಧ್ಯಾಹ್ನ ಕೊಯ್ಯೋಕೆ ಹೊರಟಿದ್ದು ಇವರ ಡ್ಯೂಟಿ ಮುಗಿಯುತ್ತೆ ಅಂತ, ಅತ್ತೆ. ಈಗ ಕೊಯ್ದಿದ್ದು ಇವಳು ಬದುಕ್ಲಿ ಅಂತ. ಇವಳಿಗೋಸ್ಕರ ಆದ್ರೆ ನಾಳೆ ಬೇಕಾದ್ರೂ ಮತ್ತೆ ಕೊಯ್ಸಿಕೊಳ್ಳೋಕೆ ಮಲಗ್ತೀನಿ. ಇವರ ಡ್ಯೂಟಿಗೋಸ್ಕರ ಒಂದು ಹೊಲಿಗೆನೂ ಹಾಕಿಸ್ಕೊಳಲ್ಲ.”

ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಕೇಳಿಸಲಿ ಅಂತಲೇ ಅವಳು ಹೇಳಿದ್ದು.