ತುದಿಯ ಬೆಸುಗೆ

ಭೋಜರಾಜನಿಗೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ಕಬ್ಬಿಣದ ಮೇಲೆ ಇತ್ತು, ಅದಕ್ಕಿಂತ ಹೆಚ್ಚಾಗಿ ತನ್ನ ಕೈಯ ಮೇಲೆ ಇತ್ತು. ಉಡುಪಿ ಕಡೆಯಿಂದ ಒಮಾನಿಗೆ ಬಂದು ಇಪ್ಪತ್ತೆಂಟು ವರ್ಷ ವೆಲ್ಡಿಂಗ್ ಮಾಡಿ, ದುಕ್ಮ್‌ನ ಒಂದು ಸಣ್ಣ ವರ್ಕ್‌ಶಾಪಿಗೆ ಫೋರ್‌ಮನ್ ಆದ ಆಸಾಮಿ. ಡ್ರಾಯಿಂಗ್ ಹಾಳೆ ಬಿಸಿಲಿಗೆ ತಲೆ ಮೇಲೆ ಹಿಡಿಯಲಿಕ್ಕೆ ಒಳ್ಳೆಯದು ಎನ್ನುವ ಪೈಕಿ.

ಎಣ್ಣೆಯ ಬೆಲೆ ನೆಲಕಚ್ಚಿದ್ದ ೨೦೧೬. ಕಾರ್ಮಿಕರ ಕ್ಯಾಂಪಿನ ಮಂಚಗಳು ಅರ್ಧಕ್ಕರ್ಧ ಖಾಲಿ. ಉಳಿದ ಹದಿನಾಲ್ಕು ಮಂದಿಯ ಗತಿ ಒಂದು ಕಬ್ಬಿಣದ ಬೀಮಿನ ಮೇಲೆ ನಿಂತಿತ್ತು. ಎಂಟು ಮೀಟರ್ ಉದ್ದದ ಆ ಬೀಮು ಹತ್ತು ಟನ್ ಹೊತ್ತಾಗ ಹದಿನಾರು ಮಿಲಿಮೀಟರಿಗಿಂತ ಹೆಚ್ಚು ಬಾಗಬಾರದು. ನಾಳೆ ಇನ್‌ಸ್ಪೆಕ್ಟರ್ ಎದುರು ಪಾಸಾದರೆ ಅಂಥವೇ ಇನ್ನೂ ಇಪ್ಪತ್ತರ ಆರ್ಡರು, ಆರು ತಿಂಗಳ ಕೆಲಸ. ಫೇಲಾದರೆ ಖಲಾಸ್, ಎಲ್ಲರಿಗೂ ಊರಿನ ಟಿಕೆಟ್.

ದೊಡ್ಡ ಬೀಮು ತರಿಸುವ ತಾಕತ್ತು ಕಂಪನಿಗಿರಲಿಲ್ಲ. ಅಂಗಳದಲ್ಲಿ ರಾಶಿ ಬಿದ್ದಿದ್ದವು ಮೂವತ್ತು ಸೆಂಟಿಮೀಟರ್ ಎತ್ತರದ ಹಳೆಯ ಬೀಮುಗಳು. ಎರಡನ್ನು ಒಂದರ ಮೇಲೊಂದು ಇಟ್ಟು ಉದ್ದಕ್ಕೂ ಬೆಸೆಯಿರಿ ಎಂದು ಮಸ್ಕತ್ತಿನ ರೂವಿಯ ಆಫೀಸಿನಿಂದ ಲೆಕ್ಕ ಕಳಿಸಿದವಳು ಆಶಿತಾ, ಮೈಸೂರಿನ ಎಂಜಿನಿಯರ್ ಹುಡುಗಿ. ಕಂಪನಿ ಸಾಫ್ಟ್‌ವೇರನ್ನೂ ನಿಲ್ಲಿಸಿದ್ದರಿಂದ ಪೂರಾ ಪೆನ್ಸಿಲಿನ ಲೆಕ್ಕ. ನಾಳಿನ ಪರೀಕ್ಷೆಯ ತಾಲೀಮು ನೋಡಲು ಅವಳೇ ಬಸ್ಸು ಹತ್ತಿ ಬಂದಿದ್ದಳು.

ಬೀಮು ನೋಡಿದ್ದೇ ಅವಳ ಮುಖ ಇಳಿಯಿತು. ಬೆಸುಗೆ ಇದ್ದದ್ದು ನಡುವಿನ ಒಂದು ಮೀಟರಿನಲ್ಲಿ ಮಾತ್ರ. ಉಳಿದ ಕಡೆ ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟು ಬೆಸುಗೆ.

"ಭೋಜಣ್ಣ, ಉದ್ದಕ್ಕೂ ಅಂತ ಬರೆದಿದ್ನಲ್ಲಾ?"

"ವೆಲ್ಡಿಂಗ್ ರಾಡ್ ಎಲ್ಲಿ ಉಂಟು ಮೇಡಂ? ಭಾರ ಬರುದು ನಡೂಕೆ. ತುದಿಗೆ ಹಾಕಿ ಎಂತ ಮಾಡುದು? ನಡೂಕೆ ನಾಲ್ಕು ಸುತ್ತು ಹಾಕಿದ್ದೇನೆ, ಆನೆ ನಿಂತ್ರೂ ಬಿಡುದಿಲ್ಲ."

ಆಶಿತಾ ಸೀಮೆಸುಣ್ಣ ತೆಗೆದುಕೊಂಡು ಮೇಲಿನ ಬೀಮಿನಿಂದ ಕೆಳಗಿನ ಬೀಮಿಗೆ ನೇರ ಗೆರೆ ಎಳೆದಳು; ನಡುವಿನಲ್ಲಿ ಒಂದು, ಎರಡು ತುದಿಗೂ ಒಂದೊಂದು. ಭೋಜರಾಜ ಮೀಸೆಯೊಳಗೆ ನಕ್ಕ. ಮಕ್ಕಳಾಟ.

ಕ್ರೇನ್ ಓಡಿಸುವ ಕುಂಞಾಲಿ ಕಾಂಕ್ರೀಟ್ ಬ್ಲಾಕುಗಳನ್ನು ಎರಡು ತುದಿಗೂ ಆನಿಕೆ ಕೊಟ್ಟ ಬೀಮಿನ ನಡುವಿಗೆ ಒಂದೊಂದಾಗಿ ಇಳಿಸಿದ. ಆರನೆಯ ಟನ್ನಿಗೆ ಒಂದು ಚುಕ್ಕೆ ಟಪ್ಪೆಂದು ಬಿಟ್ಟಿತು. ಎಂಟಕ್ಕೆ ಸಾಲಾಗಿ ಟಪ್ ಟಪ್. ಹತ್ತು ಟನ್ ಕೂತಾಗ ಬಾಗು ಅಳೆಯುವ ಗೇಜು ಇಪ್ಪತ್ತೈದು ಮಿಲಿಮೀಟರ್ ತೋರಿಸಿತು. ಭೋಜರಾಜ ನಡುವಿಗೆ ಬಗ್ಗಿ ನೋಡಿದ. ಅವನ ನಾಲ್ಕು ಸುತ್ತಿನ ಬೆಸುಗೆಯಲ್ಲಿ ಒಂದು ಕೂದಲಿನಷ್ಟೂ ಬಿರುಕಿರಲಿಲ್ಲ, ಅಲ್ಲಿನ ಗೆರೆ ಹಾಗೇ ಇತ್ತು. ತುದಿಗೆ ಓಡಿದ. ಅಲ್ಲಿ ಸುಣ್ಣದ ಗೆರೆ ಎರಡು ತುಂಡಾಗಿತ್ತು. ಮೇಲಿನರ್ಧ ಒಂದು ಕಡೆ, ಕೆಳಗಿನರ್ಧ ಮೂರು ಮಿಲಿಮೀಟರ್ ಆಚೆ. ಇನ್ನೊಂದು ತುದಿಯಲ್ಲೂ ಅದೇ ಕಥೆ.

"ಇದು ಜಾರಿದೆ!" ಅಂದ. ಯಾರೂ ಮುಟ್ಟದ ತುದಿಯಲ್ಲಿ ಕಬ್ಬಿಣ ಕಬ್ಬಿಣದ ಮೇಲೆ ಜಾರಿತ್ತು.

ಆಶಿತಾ ಬ್ಲಾಕಿನ ನೆರಳಿನಲ್ಲಿ ಕಾಗದ ಬಿಡಿಸಿದಳು. "ಬಾಗದೆ ನಿಲ್ಲೋ ಶಕ್ತಿಗೆ ಒಂದು ಅಂಕಿ ಇದೆ ಭೋಜಣ್ಣ. ಒಂದು ಬೀಮಿಗೆ ಎಂಟು ಸಾವಿರದ ಚಿಲ್ಲರೆ. ಬಿಡಿಬಿಡಿಯಾಗಿ ಎರಡಿಟ್ರೆ ಹದಿನಾರು ಸಾವಿರದ ಏಳುನೂರು. ನಮಗೆ ಬೇಕಾದ್ದು ಮೂವತ್ತೆರಡೂವರೆ ಸಾವಿರ. ಜಾರದ ಹಾಗೆ ಒಂದಾಗಿಸಿದ್ರೆ ನಲವತ್ತು ಸಾವಿರದ ಒಂಬೈನೂರು."

"ಕಬ್ಬಿಣ ಅಷ್ಟೇ ಅಲ್ವಾ? ಮತ್ತೆ ಹೆಚ್ಚಿನದ್ದು ಎಲ್ಲಿಂದ ಬಂತು?"

"ದೂರದಿಂದ. ಒಂದಾದ ಮೇಲೆ ಎರಡಕ್ಕೂ ನಡುಗೆರೆ ಒಂದೇ, ಅವು ಕೂಡೋ ಈ ಜಾಗ. ಕಬ್ಬಿಣ ಅದರಿಂದ ಎಷ್ಟು ದೂರ ಇರುತ್ತೋ ಆ ದೂರದ ವರ್ಗದಷ್ಟು ಬಲ ಸೇರುತ್ತೆ. ಆದ್ರೆ ಜಾರಿದ್ರೆ ಅದೆಲ್ಲಾ ಸೊನ್ನೆ. ಜಾರೋದು ತುದೀಲೇ ಜಾಸ್ತಿ."

ಭಾರ ಇಳಿಸಿದರು, ಬೀಮು ನೆಟ್ಟಗಾಯಿತು, ಗೆರೆಗಳೂ ಕೂಡಿಕೊಂಡವು. ಭೋಜರಾಜ ಸ್ಟೋರನ್ನು ತಡಕಾಡಿ ರಾಡುಗಳನ್ನು ಒಟ್ಟುಮಾಡಿ, ಈ ಸಲ ತುದಿಯಿಂದ ಶುರು ಮಾಡಿ ಉದ್ದಕ್ಕೂ ಬೆಸೆದ. ಊಟ ಮರೆತ. ಬೇರೆಯವರು ಕೈ ಹಾಕಲು ಬಂದರೆ ಗದರಿದ. ತಪ್ಪು ತನ್ನದು, ಹದಿನಾಲ್ಕು ಮಂದಿಯ ಅನ್ನದ ತಪ್ಪು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದ. ಬ್ಲಾಕುಗಳು ಏರಿದವು. ಆರು, ಎಂಟು, ಹತ್ತು. ಒಂದು ಸದ್ದೂ ಇಲ್ಲ. ಭೋಜರಾಜ ಗೇಜಿನ ಕಡೆ ಸುಳಿಯಲೇ ಇಲ್ಲ. ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಸುಣ್ಣದ ಗೆರೆಯನ್ನೇ ನೋಡುತ್ತಿದ್ದ. ಅದು ಅಲುಗಲಿಲ್ಲ.

"ಹದಿಮೂರು!" ಎಂದು ಕ್ರೇನಿನಿಂದ ಇಳಿದು ಗೇಜು ನೋಡಿದ ಕುಂಞಾಲಿ ಕೂಗಿದ.

ಆಶಿತಾಳ ಕಾಗದದಲ್ಲಿ ಹನ್ನೆರಡು ಪಾಯಿಂಟ್ ಏಳು ಎಂದಿತ್ತು. ಭೋಜರಾಜ ಆ ಅಂಕಿಯನ್ನು ನೋಡಿದ, ಬೀಮನ್ನು ನೋಡಿದ. "ನೀವು ಈ ಕಬ್ಬಿಣವನ್ನು ಕಣ್ಣಲ್ಲೂ ನೋಡದೆ ರೂವಿಯಲ್ಲಿ ಕೂತು ಬರೆದದ್ದಲ್ವಾ ಮೇಡಂ? ಈ ಕಾಗದಕ್ಕೆ ಹೇಗೆ ಗೊತ್ತಾಯ್ತು?"

"ಕಾಲೇಜಲ್ಲಿ ಮಾರ್ಕ್ಸಿಗೋಸ್ಕರ ಬರೆದಿದ್ದೆ ಭೋಜಣ್ಣ," ಎಂದಳು ಅವಳು. ಸುಣ್ಣದ ಗೆರೆಯ ಮೇಲೆ ಬೆರಳಾಡಿಸಿದಳು. "ನಿಜವಾಗ್ಲೂ ನೋಡಿದ್ದು ಇವತ್ತೇ."

ಇನ್‌ಸ್ಪೆಕ್ಟರ್ ಸಹಿ ಹಾಕಿದ್ದೇ ಭೋಜರಾಜ ಊರಿಗೆ ಫೋನು ಹಚ್ಚಿದ. ಹೆಂಡತಿ ವಸಂತಿ ಎತ್ತಿದಳು.

"ಕೇಳು, ಎರಡು ಬೀಮು ಸುಮ್ಮನೆ ಇಟ್ರೆ ಎರಡರ ಬಲ ಮಾತ್ರ. ಒಂದಾದ್ರೆ ಸುಮಾರು ಐದರ ಬಲ! ಕಬ್ಬಿಣ ಅಷ್ಟೇ ವಸಂತಿ, ಒಂದು ಚೂರೂ ಹೆಚ್ಚಿಲ್ಲ!"

"ಅದೆಲ್ಲ ಇರ್ಲಿ. ಕೆಲಸ ಉಂಟಾ, ಇಲ್ವಾ?"

"ಅದು ಉಂಟು ಮಾರಾಯ್ತಿ," ಎಂದು ಭೋಜರಾಜ ಕಣ್ಣೊರೆಸಿಕೊಂಡ. "ನಾನು ಹೇಳುದು ಕೇಳು."