ಗುಳಿಗೆ ಸಾಲಿನ ಆರು ಮೊಲಗಳು

ಸಿಫಿಲಿಸ್ ಹತ್ತಿಸಿದ ಹದಿನೆಂಟು ಮೊಲ. ಆರಕ್ಕೆ ಪೆನ್ಸಿಲಿನ್ ಇಂಜೆಕ್ಷನ್, ಆರಕ್ಕೆ ಹೊಸ ಗುಳಿಗೆಯ ಪುಡಿ, ಉಳಿದ ಆರಕ್ಕೆ ಏನೂ ಇಲ್ಲ. ಬೋಳಿಸಿದ ಬೆನ್ನಿನ ಹುಣ್ಣುಗಳು ಗುಳಿಗೆಯಿಂದಲೂ ಇಂಜೆಕ್ಷನ್ನಿನಷ್ಟೇ ಬೇಗ ಮಾಯ್ದಿದ್ದವು. ಪೆನ್ಸಿಲಿನ್ ಒಗ್ಗದವರಿಗೆ ಇನ್ನೊಂದು ದಾರಿ ಸಿಕ್ಕಿತೆಂದು ನಾನು ಕಲಬುರಗಿ ತುಂಬ ಹೇಳಿಕೊಂಡು ಬಂದಿದ್ದೆ. ಸೋಮವಾರ ವರದಿ ಕೊಟ್ಟರೆ ನನ್ನ ಪಿಎಚ್.ಡಿ. ಮುಗಿದಂತೆ.

ಶನಿವಾರ ಬೆಳಿಗ್ಗೆ ನೋಡಿದರೆ ಗುಳಿಗೆ ಸಾಲಿನ ನಾಲ್ಕು ಮೊಲಗಳ ಹುಣ್ಣುಗಳು ಮತ್ತೆ ಬಾಯಿ ತೆರೆದಿದ್ದವು. ಇಂಜೆಕ್ಷನ್ ಸಾಲು ನುಣ್ಣಗಿತ್ತು. ಬದಲಾದದ್ದು ಒಂದೇ. ಮೊಲಗಳನ್ನು ನೋಡಿಕೊಳ್ಳುವ ಪೀರಪ್ಪ ಕಾಕಾ ಹದಿನೈದು ದಿನದಿಂದ ರಜೆಯಲ್ಲಿದ್ದರು.

ಈ ರೋಗಾಣುವಿಗೆ ತಂಪು ಬೇಕು. ಚರ್ಮ ಬೆಚ್ಚಗಾದರೆ ಹುಣ್ಣು ತಾನಾಗಿಯೇ ಅಡಗುತ್ತದೆ. ಕಾಕಾ ರಾತ್ರಿ ಮೊಲಗಳ ಕೋಣೆಯ ಏಸಿ ಆರಿಸುತ್ತಿದ್ದರೇ? ಅವರ ಫೋನ್ ಹತ್ತಲಿಲ್ಲ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಭಾನುವಾರ ಅವರ ಊರು ಕಮಲಾಪುರದ ಬಸ್ ಹಿಡಿದೆ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಷ್ಟೂ ಕಂಡಕ್ಟರನ ಮೇಲೆ ಸಿಟ್ಟು ಬಂತು.

ಅವರ ಹೆಂಡತಿ ಬಂಡೆಮ್ಮ ಚಹಾ ತಂದರು. ನಾನು ನೇರವಾಗಿ ಕೇಳಿದೆ.

"ಕಾಕಾ, ಏಸಿ ಬಂದ್ ಮಾಡ್ತಿದ್ರೇನು?"

"ಇಲ್ರೀ ಮೆಹರೀನ್ ಮೇಡಂ. ನೀವು ಮುಟ್ಟಬ್ಯಾಡ ಅಂದಿದ್ರಿ, ಮುಟ್ಟಿಲ್ಲ. ಆದ್ರ ಗುಳಿಗಿ ಸಾಲಿಗೆ ಗಾಳಿ ಸೀದಾ ಬಡೀತದರೀ. ಬೆನ್ನ ಬ್ಯಾರೆ ಬೋಳಿಸೀರಿ. ಗಡಗಡ ನಡಗತಿದ್ವು. ಸಂಜಿಕ್ಕ ಹೋಗೋವಾಗ ಕೌದಿ ಹೊಚ್ಚಿ, ಮುಂಜಾನೆ ನೀವು ಬರೋದ್ರಾಗ ತಗೀತಿದ್ದೆ."

"ನನ್ನ ಹಳೀ ಸೀರಿ ಕೌದಿರೀ," ಬಂಡೆಮ್ಮ ಹೇಳಿದರು. "ಬೆಚ್ಚಗಿರ್ತದ."

ಹುಣ್ಣು ಅಡಗಿಸಿದ್ದು ಗುಳಿಗೆಯಲ್ಲ, ಕೌದಿ. ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆನಿಸಿತು. ಹಿಂದೆಯೇ ಬೇರೆ ಯೋಚನೆ ಬಂತು. ಕೌದಿಯ ಸಂಗತಿ ಗೊತ್ತಿರುವುದು ನಮ್ಮ ಮೂವರಿಗೆ. ಶುಕ್ರವಾರದವರೆಗಿನ ಲೆಕ್ಕ ಬರೆದು ಕೊಟ್ಟರೆ ಯಾರೂ ಕೇಳುವುದಿಲ್ಲ. ಚಹಾ ಆರುವವರೆಗೂ ಅದನ್ನೇ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಆ ಗುಳಿಗೆ ನುಂಗಿ, ರೋಗ ಹೋಯಿತೆಂದು ನಂಬಿ ಬಸುರಾಗಿ, ಹೊಟ್ಟೆಯ ಕೂಸಿಗೂ ರೋಗ ದಾಟಿಸುವ ಯಾರೋ ಒಬ್ಬಳು ಕಣ್ಣ ಮುಂದೆ ಬಂದಳು. ಹೆದರಿಕೆಯಾಯಿತು. ಅಲ್ಲಿಂದಲೇ ಗೈಡಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಪೀರಪ್ಪ ಕಾಕಾ ಕೇಳಿಸಿಕೊಂಡಿದ್ದರು.

"ನಂದು ತಪ್ಪಾತೇನ್ರೀ?"

"ಯಾಕ ತಂಪಿರಬೇಕಂತ ನಾನೇ ನಿಮಗ ಹೇಳಿರಲಿಲ್ಲ ಕಾಕಾ."

"ಈಗೇನ್ ಮಾಡ್ತೀರಿ?"

"ಮೊದಲಿಂದ ಮಾಡಬೇಕು. ಹೊಸಾ ಹದಿನೆಂಟು ಮೊಲ ತರಬೇಕು."

"ಅವಕ್ಕೂ ರೋಗ ಹಚ್ಚತೀರಿ?"

"ಹೂಂ."

ಅವರು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ಆರು ಮೊಲಗಳ ಚಳಿ ತಪ್ಪಿಸಲು ಹೋಗಿದ್ದ ಮನುಷ್ಯ. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದರು.

"ಕೌದಿ ಸ್ಟೋರ್ ರೂಮಿನ ಗೂಟಕ್ಕ ಅದರೀ. ನಾ ಬರೋದ್ರಾಗ ತಗದುಬಿಡ್ರಿ. ಕಣ್ಣಿಗಿ ಬಿದ್ರ ಮತ್ತ ಹೊಚ್ಚತೇನಿ."